ಗಡಿ ದಾಟುವ ಬೆಳೆ, ಗಡಿಯಲ್ಲಿ ನಿಲ್ಲುವ ಲಾರಿ

(ತಣಿಸಂದ್ರದಲ್ಲಿ ಸೇರಿದ್ದ ರೈತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)



ಗಡಿ ಪ್ರದೇಶದ ವ್ಯಾಪಾರದ ವಿಷಯವನ್ನು ತಣಿಸಂದ್ರದಲ್ಲಿ ಏಕೆ ಮಾತನಾಡಬೇಕು ಎಂದು ಕೆಲವರಿಗಾದರೂ ಅನ್ನಿಸಬಹುದು. ಇದು ಗಡಿಯ ಊರಲ್ಲ. ಈಗ ಹಳ್ಳಿಯೂ ಅಲ್ಲ. ಆದರೆ ಇಲ್ಲಿಂದ ಹೆಬ್ಬಾಳದ ಹೆದ್ದಾರಿಗೆ ಬಂದು ಉತ್ತರಕ್ಕೆ ಹೊರಟರೆ ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರ ದಾಟಿ ಸುಮಾರು ನೂರು ಕಿಲೋಮೀಟರಿನಲ್ಲಿ ಬಾಗೇಪಲ್ಲಿ, ಅದರಾಚೆಗೆ ಆಂಧ್ರ. ದಕ್ಷಿಣಕ್ಕೆ ಹೊರಟರೆ ಬೆಂಗಳೂರಿನಿಂದ ನಲವತ್ತು ಕಿಲೋಮೀಟರಿಗೆ ಹೊಸೂರು, ಅದು ತಮಿಳುನಾಡು. ಪೂರ್ವಕ್ಕೆ ಕೋಲಾರ, ಮುಳಬಾಗಿಲು, ಮತ್ತೆ ಆಂಧ್ರ. ಬೆಂಗಳೂರಿನ ಅಡುಗೆಮನೆಗೆ ಬರುವ ಟೊಮ್ಯಾಟೊ, ಹುರುಳಿಕಾಯಿ, ಎಲೆಕೋಸು, ಹೂವು ಇವುಗಳಲ್ಲಿ ಎಷ್ಟು ಪಾಲು ಯಾವ ರಾಜ್ಯದ ಹೊಲದ್ದು ಎಂದು ಕೊಳ್ಳುವವರು ಕೇಳುವುದಿಲ್ಲ, ಮಾರುವವರು ಹೇಳುವುದೂ ಇಲ್ಲ. ಬೆಂಗಳೂರಿನ ಸುತ್ತಲಿನ ಬೇಸಾಯವೆಲ್ಲ ಒಂದರ್ಥದಲ್ಲಿ ಗಡಿನಾಡಿನ ಬೇಸಾಯವೇ.

ಇನ್ನೊಂದು ನಂಟೂ ಇದೆ. ತಣಿಸಂದ್ರ ಹೆಬ್ಬಾಳ-ನಾಗವಾರ ಕಣಿವೆಯ ಊರು. ಈ ಕಣಿವೆಯ ಶುದ್ಧೀಕರಿಸಿದ ಕೊಳಚೆ ನೀರನ್ನು ದಿನಕ್ಕೆ 210 ದಶಲಕ್ಷ ಲೀಟರಿನಂತೆ ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ 65 ಕೆರೆಗಳಿಗೆ ತುಂಬಿಸುವ ಯೋಜನೆ ನಡೆದಿದೆ. ಇದರ ಅಣ್ಣನಂತಿರುವ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯಿಂದ 2018ರಲ್ಲಿ ಕೋಲಾರದ ಕೆರೆಗಳಿಗೆ ನೀರು ಹರಿಯಿತು. ಈ ನೀರು ಅಂತರ್ಜಲ ಮರುಪೂರಣಕ್ಕಾಗಿ, ಕೆರೆಗೆ ನೇರವಾಗಿ ಪಂಪು ಹಾಕಿ ಹೊಲಕ್ಕೆ ಹಾಯಿಸಲು ಅಲ್ಲ. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂಬ ಆ ಭಾಗದ ಜನರ ಬೇಡಿಕೆ ನ್ಯಾಯವಾದದ್ದು. ಅದೇನೇ ಇರಲಿ, ಬತ್ತಿದ್ದ ಕೊಳವೆ ಬಾವಿಗಳಲ್ಲಿ ನೀರು ಕಂಡ ಕಡೆ ರೈತರು ಮತ್ತೆ ತರಕಾರಿ ಹಾಕಿದರು. ಇಲ್ಲಿಂದ ಹೋದ ನೀರು ತರಕಾರಿಯಾಗಿ ಇದೇ ಹೆಬ್ಬಾಳದ ದಾರಿಯಲ್ಲಿ ವಾಪಸು ಬರುತ್ತದೆ. ಕೆಲವು ಲಾರಿಗಳು ಮಾತ್ರ ಬೆಂಗಳೂರಿನ ಕಡೆ ತಿರುಗದೆ ಗಡಿಯ ಕಡೆಗೆ ಹೋಗುತ್ತವೆ. ಇಂದಿನ ಮಾತು ಆ ಲಾರಿಗಳನ್ನು ಕುರಿತದ್ದು.

ಕೋಲಾರ, ಚಿಕ್ಕಬಳ್ಳಾಪುರ, ಹಿಂದೂಪುರ, ಮದನಪಲ್ಲಿ, ಚಿತ್ತೂರು, ಕೃಷ್ಣಗಿರಿ, ಹೊಸೂರು ಇವನ್ನು ಭೂಪಟದಲ್ಲಿ ಗೆರೆ ಅಳಿಸಿ ನೋಡಿದರೆ ಒಂದೇ ಬಯಲು. ಅದೇ ಕೆಂಪು ಮಣ್ಣು, ಅದೇ ಕಡಿಮೆ ಮಳೆ, ಅದೇ ಕೆರೆಗಳ ಸಾಲು, ಅದೇ ರಾಗಿ, ನೆಲಗಡಲೆ, ಮಾವು, ಹಿಪ್ಪುನೇರಳೆ. ಕೋಲಾರದ ಹಳ್ಳಿಗಳಲ್ಲಿ ತೆಲುಗು ಕೇಳುತ್ತದೆ, ಮಡಕಶಿರಾ ಮತ್ತು ಹೊಸೂರಿನ ಹಳ್ಳಿಗಳಲ್ಲಿ ಕನ್ನಡ ಕೇಳುತ್ತದೆ. ಹೆಣ್ಣು ಕೊಡುವುದು ತರುವುದು, ದನದ ಜಾತ್ರೆ, ಬಿತ್ತನೆ ಬೀಜದ ಸಾಲ, ಎಲ್ಲವೂ ಗೆರೆಯ ಎರಡೂ ಕಡೆ ನಡೆದುಬಂದಿವೆ. ಹಿಂದೆ ಕೋಲಾರ ಮೈಸೂರು ಸಂಸ್ಥಾನದಲ್ಲಿದ್ದರೆ ಹಿಂದೂಪುರ, ಮಡಕಶಿರಾ, ಹೊಸೂರು ಮದರಾಸು ಪ್ರಾಂತ್ಯದಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ಬೇರೆಯಾಯಿತು. 1956ರ ನವೆಂಬರ್ 1ರಂದು ಭಾಷೆಯ ಮೇಲೆ ರಾಜ್ಯಗಳು ಮತ್ತೆ ರೂಪುಗೊಂಡವು. ಪಾವಗಡ ತಾಲ್ಲೂಕಿನ ನಕ್ಷೆ ನೋಡಿದವರಿಗೆ ಗಡಿ ಎಂದರೇನು ಎಂದು ಬೇರೆ ಹೇಳಬೇಕಾಗಿಲ್ಲ. ಮೂರು ಕಡೆ ಆಂಧ್ರದ ನೆಲ, ನಡುವೆ ತುಮಕೂರು ಜಿಲ್ಲೆಯ ತಾಲ್ಲೂಕು!

ಸಂವಿಧಾನದ 301ನೆಯ ವಿಧಿಯ ಪ್ರಕಾರ ದೇಶದೊಳಗೆ ವ್ಯಾಪಾರ, ಸಾಗಾಟ, ಓಡಾಟ ಮುಕ್ತವಾಗಿರಬೇಕು. 304ನೆಯ ವಿಧಿಯಲ್ಲಿ ಸಾರ್ವಜನಿಕ ಹಿತಕ್ಕಾಗಿ ರಾಜ್ಯವು ನ್ಯಾಯಬದ್ಧವಾದ ನಿರ್ಬಂಧ ಹಾಕಬಹುದು, ಆದರೆ ಅದಕ್ಕೆ ಶಾಸನ ಬೇಕು, ರಾಷ್ಟ್ರಪತಿಗಳ ಪೂರ್ವಾನುಮತಿ ಬೇಕು. ಇಷ್ಟಿದ್ದರೂ ಗಡಿಯಲ್ಲಿ ಬೆಳೆ ನಿಂತ ಉದಾಹರಣೆಗಳಿಗೆ ಕೊರತೆಯಿಲ್ಲ. 1957ರಲ್ಲಿ ಆಂಧ್ರ, ಮದರಾಸು, ಮೈಸೂರು, ಕೇರಳ ನಾಲ್ಕನ್ನೂ ಸೇರಿಸಿ ದಕ್ಷಿಣ ಅಕ್ಕಿ ವಲಯವನ್ನು ಮಾಡಲಾಯಿತು. 1964ರಲ್ಲಿ ಅದು ಒಡೆದು ಪ್ರತಿ ರಾಜ್ಯವೂ ಒಂದೊಂದು ವಲಯವಾಯಿತು. 1977ರವರೆಗೆ ಅಕ್ಕಿಯ ಸಾಗಾಟಕ್ಕೆ ಇಂಥ ಕಟ್ಟುಗಳಿದ್ದವು. ಹುಲ್ಲಿನ ಗಾಡಿಯಡಿ ಅಕ್ಕಿ ಮೂಟೆ ಇಟ್ಟು ರಾತ್ರಿ ಗಡಿ ದಾಟಿಸಿದ ಕಥೆ ಗಡಿ ಹಳ್ಳಿಗಳ ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಕರ್ನಾಟಕದಲ್ಲಿ ಪಟ್ಟಣಗಳ ಆಕ್ಟ್ರಾಯ್ ಸುಂಕ 1979ರಲ್ಲಿ ರದ್ದಾಯಿತು. ಮಾಗಡಿ ರಸ್ತೆಯ ಸುಂಕದಕಟ್ಟೆ ಎಂಬ ಹೆಸರು ಮಾತ್ರ ಉಳಿಯಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಮಾರಾಟ ತೆರಿಗೆಯ ತನಿಖಾ ಠಾಣೆಗಳೂ ಹೋದವು. ತಾಜಾ ಹಣ್ಣು ತರಕಾರಿಗೆ ಈ ತೆರಿಗೆ ಇಲ್ಲ, ಇ-ವೇ ಬಿಲ್ಲೂ ಬೇಕಿಲ್ಲ. ಕಾಗದದ ಮೇಲೆ ಗಡಿ ಬಹುಮಟ್ಟಿಗೆ ಅಳಿಸಿಹೋಗಿತ್ತು.

2025ರ ಜೂನ್ ತಿಂಗಳಲ್ಲಿ ಅದು ಮತ್ತೆ ಎದ್ದು ನಿಂತಿತು.

ಕೋಲಾರ ಜಿಲ್ಲೆಯ ಶ್ರೀನಿವಾಸಪುರವನ್ನು ಮಾವಿನ ಊರೆಂದೇ ಕರೆಯುತ್ತಾರೆ. ಅಲ್ಲಿನ ತೋಪುಗಳಲ್ಲಿ ಬಾದಾಮಿ, ಬೇನಿಷಾ, ನೀಲಂ, ಮಲ್ಲಿಕಾ ಎಲ್ಲ ಇದ್ದರೂ ದೊಡ್ಡ ಪಾಲು ತೋತಾಪುರಿ. ಗಿಣಿ ಮೂತಿಯಂಥ ತುದಿಯುಳ್ಳ ಈ ಹಣ್ಣನ್ನು ತಿನ್ನಲು ಕೊಳ್ಳುವವರು ಕಡಿಮೆ. ಉಪ್ಪು ಖಾರ ಹಚ್ಚಿದ ಕಾಯಿಯ ಹೋಳಿಗೆ ಸ್ವಲ್ಪ, ಉಪ್ಪಿನಕಾಯಿಗೆ ಸ್ವಲ್ಪ, ಉಳಿದದ್ದೆಲ್ಲ ಕಾರ್ಖಾನೆಗೆ. ಬಾಟಲಿಗಳಲ್ಲಿ ಮಾರುವ ಮಾವಿನ ಪಾನೀಯದ ತಿರುಳು ಹೆಚ್ಚಾಗಿ ಇದರದೇ. ರೈತರು ಜ್ಯೂಸ್ ಫ್ಯಾಕ್ಟರಿ ಎಂದು ಕರೆಯುವ ಈ ತಿರುಳಿನ ಕಾರ್ಖಾನೆಗಳು ಹೆಚ್ಚಾಗಿ ಇರುವುದು ಆಂಧ್ರದ ಚಿತ್ತೂರಿನಲ್ಲಿ ಮತ್ತು ತಮಿಳುನಾಡಿನ ಕೃಷ್ಣಗಿರಿಯಲ್ಲಿ. ಕೋಲಾರದಲ್ಲಿ ತೋಪು, ಚಿತ್ತೂರಿನಲ್ಲಿ ಕಾರ್ಖಾನೆ, ನಡುವೆ ಗಡಿ. ಈ ತಳಿಗೆ ತೋಟಗಾರಿಕೆ ಪುಸ್ತಕಗಳಲ್ಲಿ ಇರುವ ಮತ್ತೊಂದು ಹೆಸರು 'ಬೆಂಗಳೂರ'. ಚಿತ್ತೂರಿನ ರೈತರು ಬೆಳೆಯುವುದೂ ಇದನ್ನೇ!

ಆ ವರ್ಷ ಫಸಲು ಎರಡೂ ಕಡೆ ಜೋರಾಗಿತ್ತು. ಹಿಂದಿನ ವರ್ಷದ ತಿರುಳಿನ ದಾಸ್ತಾನು ಕಾರ್ಖಾನೆಗಳಲ್ಲಿ ಉಳಿದಿತ್ತು. ಬೆಲೆ ಕುಸಿಯಿತು. ಆಂಧ್ರ ಸರ್ಕಾರ ತನ್ನ ರೈತರಿಗೆ ಕಿಲೋಗೆ 12 ರೂಪಾಯಿ ಸಿಗುವಂತೆ ಗೊತ್ತುಮಾಡಿತು. ಅದರಲ್ಲಿ 8 ರೂಪಾಯಿಯನ್ನು ಕಾರ್ಖಾನೆ ಕೊಡಬೇಕು, 4 ರೂಪಾಯಿಯನ್ನು ಸರ್ಕಾರ ತುಂಬುತ್ತದೆ. ಹೀಗೆ ಒಂದು ಕಡೆ ಬೆಲೆ ಕಟ್ಟಿದರೆ ಪಕ್ಕದ ಮಾಲು ಅಲ್ಲಿಗೆ ಹರಿಯುವುದು ಸಹಜ. ಅದನ್ನು ತಡೆಯಲು ಜೂನ್ 7ರಂದು ಚಿತ್ತೂರಿನ ಜಿಲ್ಲಾಧಿಕಾರಿಗಳು ಹೊರ ರಾಜ್ಯದ ತೋತಾಪುರಿ ಜಿಲ್ಲೆಯೊಳಗೆ ಬರಬಾರದೆಂದು ಆದೇಶ ಮಾಡಿದರು. ಗಡಿಯ ರಸ್ತೆಗಳಲ್ಲಿ ಕಂದಾಯ, ಪೊಲೀಸ್, ಅರಣ್ಯ, ಮಾರುಕಟ್ಟೆ ಇಲಾಖೆಗಳ ಸಿಬ್ಬಂದಿ ನಿಂತರು. ಶ್ರೀನಿವಾಸಪುರದ ರೈತರು ಬಂದ್ ಮಾಡಿದರು. ಕರ್ನಾಟಕದ ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು.

ಚಿತ್ತೂರಿನ ರೈತರನ್ನು ಇಲ್ಲಿ ದೂರುವುದು ಸರಿಯಲ್ಲ. ಅವರ ಹಣ್ಣೂ ಕಾರ್ಖಾನೆಯ ಗೇಟಿನ ಮುಂದೆ ಟ್ರ್ಯಾಕ್ಟರುಗಳಲ್ಲಿ ಕಾದು ನಿಂತಿತ್ತು. ಅವರ ಸರ್ಕಾರ ಅವರ ಕಡೆ ನೋಡಿತು. ಆದರೆ ಮಾವಿಗೆ ಸರ್ಕಾರಗಳ ಪತ್ರ ವ್ಯವಹಾರ ಮುಗಿಯುವವರೆಗೆ ಕಾಯುವ ಶಕ್ತಿಯಿಲ್ಲ. ಒಂದು ಲೆಕ್ಕವನ್ನು ಉದಾಹರಣೆಗಾಗಿ ನೋಡೋಣ. ಹತ್ತು ಟನ್ ತೋತಾಪುರಿ ತುಂಬಿದ ಒಂದು ಲಾರಿ ಇದೆ ಎಂದಿಟ್ಟುಕೊಳ್ಳಿ. ಕಿಲೋಗೆ 8 ರೂಪಾಯಿಯಂತೆ 80,000 ರೂಪಾಯಿ. ಕೀಳುವ ಮತ್ತು ತುಂಬುವ ಕೂಲಿ ಕಿಲೋಗೆ ಒಂದು ರೂಪಾಯಿಯಂತೆ 10,000. ಲಾರಿ ಬಾಡಿಗೆ 12,000. ಗೇಟಿನಲ್ಲಿ ಸಣ್ಣದು, ಕೊಳೆತದ್ದು ಎಂದು ನೂರಕ್ಕೆ ಮೂರು ಕಳೆದರೆ 2,400. ಕೈಗೆ ಉಳಿಯುವುದು 55,600, ಅಂದರೆ ಕಿಲೋಗೆ ಐದೂವರೆ ರೂಪಾಯಿ. ಅದೇ ಲಾರಿ ಗಡಿಯಲ್ಲಿ ಎರಡು ದಿನ ನಿಂತರೆ ತೂಕ ಇಳಿದು, ಒತ್ತಿ ಕೆಟ್ಟು ಒಂದು ಟನ್ ಹೋಗುತ್ತದೆ, ಕಾದದ್ದಕ್ಕೆ ಲಾರಿಯವರಿಗೆ ದಿನಕ್ಕೆ ಮೂರು ಸಾವಿರ ಕೊಡಬೇಕು. ಆಗ ಉಳಿಯುವುದು 41,840. ಗಡಿ ತೆರೆಯದೆ ಲಾರಿ ಹಿಂದಿರುಗಿ, ಉಳಿದ ಒಂಬತ್ತು ಟನ್ನನ್ನು ಊರಿನ ಮಂಡಿಯಲ್ಲಿ ನಾಲ್ಕು ರೂಪಾಯಿಗೆ ಕೊಟ್ಟರೆ ಬರುವ 36,000ದಲ್ಲಿ ಖರ್ಚು ಕಳೆದು 8,000 ಉಳಿಯುತ್ತದೆ. ಹಿಂದಿರುಗಿದ ಬಾಡಿಗೆಯನ್ನು ಇನ್ನೂ ಸೇರಿಸಿಲ್ಲ. ಉಳುಮೆ, ಗೊಬ್ಬರ, ಹೂ ಬಿಟ್ಟಾಗ ಹೊಡೆದ ಔಷಧಿಯನ್ನಂತೂ ಸೇರಿಸಿಯೇ ಇಲ್ಲ. ತೋಪಿನಲ್ಲೇ ಹಣ್ಣು ಬಿಟ್ಟು ಸುಮ್ಮನಾದವರನ್ನು ಸೋಮಾರಿಗಳೆನ್ನುವ ಮೊದಲು ಈ ಲೆಕ್ಕ ಮಾಡಿ ನೋಡಬೇಕು.

ಅನಂತರ ಕೇಂದ್ರ ಸರ್ಕಾರ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕರ್ನಾಟಕದ ತೋತಾಪುರಿಗೆ ಕ್ವಿಂಟಾಲಿಗೆ 1,616 ರೂಪಾಯಿ ಗೊತ್ತುಪಡಿಸಿ, ಎರಡೂವರೆ ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸದ ಪರಿಹಾರಕ್ಕೆ ಒಪ್ಪಿತು. ಹೊರೆಯನ್ನು ಕೇಂದ್ರ, ರಾಜ್ಯ ಸಮಪಾಲಾಗಿ ಹೊರಬೇಕೆಂದಾಯಿತು. ಇದು ಸಂತೋಷದ ವಿಷಯ. ಆದರೆ ಈ ಯೋಜನೆಯಲ್ಲಿ ಸರ್ಕಾರ ಹಣ್ಣನ್ನು ಕೊಳ್ಳುವುದಿಲ್ಲ, ಮಾರಿದ ಬೆಲೆಗೂ ಗೊತ್ತುಪಡಿಸಿದ ಬೆಲೆಗೂ ಇರುವ ಅಂತರದಲ್ಲಿ ಮಿತಿಗೊಳಪಟ್ಟು ಒಂದು ಭಾಗವನ್ನು ಕೊಡುತ್ತದೆ. ಮಾರಿದ ರುಜುವಾತು ಇರಬೇಕು. ಮಾರಲಾಗದೆ ತೋಪಿನಲ್ಲಿ ಉದುರಿದ ಹಣ್ಣಿಗೆ ರಶೀದಿ ಎಲ್ಲಿಂದ ಬರಬೇಕು? ಎರಡನೆಯ ತೊಡಕು ಇದಕ್ಕಿಂತ ದೊಡ್ಡದು. ಕೋಲಾರದ ಕಡೆ ಎಷ್ಟೋ ತೋಪುಗಳನ್ನು ಹೂ ಬಿಟ್ಟಾಗಲೇ ಗುತ್ತಿಗೆಗೆ ಕೊಡುವ ರೂಢಿಯಿದೆ. ಪಹಣಿ ಜಮೀನಿನ ಒಡೆಯರ ಹೆಸರಿನಲ್ಲಿ, ನಷ್ಟ ಗುತ್ತಿಗೆದಾರರ ತಲೆಯ ಮೇಲೆ. ಒಡೆಯರು ಮುಂಗಡವಷ್ಟೇ ಪಡೆದು ಬಾಕಿ ಬಾರದೆ ಕುಳಿತಿದ್ದರೆ ನಷ್ಟ ಇಬ್ಬರದೂ. ಪರಿಹಾರ ಯಾರಿಗೆ ಸೇರಬೇಕೆಂಬ ಮಾತನ್ನು ಗುತ್ತಿಗೆ ಮಾಡುವ ದಿನವೇ ಕಾಗದದಲ್ಲಿ ಬರೆದುಕೊಂಡರೆ ಅಣ್ಣತಮ್ಮಂದಿರಂತಿದ್ದವರು ಜೂನ್ ತಿಂಗಳಲ್ಲಿ ತಾಲ್ಲೂಕು ಕಚೇರಿಯ ಮುಂದೆ ಜಗಳವಾಡುವುದು ತಪ್ಪುತ್ತದೆ.

ಗಡಿ ಯಾವಾಗ ರೈತರಿಗೆ ಲಾಭ, ಯಾವಾಗ ನಷ್ಟ ಎಂಬುದನ್ನು ತಿಳಿಯಲು ಇನ್ನೆರಡು ಬೆಳೆಗಳನ್ನು ನೋಡಬೇಕು. ಮೊದಲನೆಯದು ಟೊಮ್ಯಾಟೊ. ಕೋಲಾರದ ಮಂಡಿ ದೇಶದ ದೊಡ್ಡ ಟೊಮ್ಯಾಟೊ ಮಾರುಕಟ್ಟೆಗಳಲ್ಲೊಂದು. ಮುಳಬಾಗಿಲಿನ ವಡ್ಡಹಳ್ಳಿಯಲ್ಲಿ ಇನ್ನೊಂದು, ಗಡಿಯಾಚೆ ಮದನಪಲ್ಲಿಯಲ್ಲಿ ಮತ್ತೊಂದು. ಪಲಮನೇರು, ವಿ.ಕೋಟದ ರೈತರು ಇತ್ತ ತರುತ್ತಾರೆ, ಇತ್ತಣವರು ಅತ್ತ ಒಯ್ಯುತ್ತಾರೆ. ಬೆಳಗ್ಗೆ ಒಂದು ಮಂಡಿಯಲ್ಲಿ ಹರಾಜಾದ ಬೆಲೆ ಕೆಲವೇ ನಿಮಿಷಗಳಲ್ಲಿ ಫೋನಿನಲ್ಲಿ ಇನ್ನೊಂದಕ್ಕೆ ತಲುಪುತ್ತದೆ. 2023ರ ಜುಲೈಯಲ್ಲಿ 15 ಕಿಲೋ ಬಾಕ್ಸಿನ ಬೆಲೆ ಕೋಲಾರದಲ್ಲಿ 2,000 ರೂಪಾಯಿ ದಾಟಿದಾಗ ಮದನಪಲ್ಲಿಯಲ್ಲೂ ಹಾಗೆಯೇ ಏರಿತು. ಕೇಂದ್ರದ ಸಂಸ್ಥೆಗಳು ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳಿಂದ ಕೊಂಡು ದೆಹಲಿಯಲ್ಲಿ ಕಡಿಮೆ ಬೆಲೆಗೆ ಮಾರಿದವು, ಆಗಸ್ಟ್‌ನಲ್ಲಿ ನೇಪಾಳದಿಂದಲೂ ತರಿಸಲಾಯಿತು. ಹೊಸ ಫಸಲು ಬರುತ್ತಲೇ ಬೆಲೆ ಇಳಿದುಹೋಯಿತು. ಬೆಲೆ ಏರಿದಾಗ ನಾಟಿ ಮಾಡಿದವರ ಹಣ್ಣು ಬೆಲೆ ಇಳಿದ ಮೇಲೆ ಬಂತು. ಇದು ಪ್ರತಿ ಬಾರಿಯೂ ನಡೆಯುವ ಕಥೆಯೇ. ಆದರೂ ಗಮನಿಸಬೇಕಾದ ಅಂಶ ಒಂದಿದೆ. ಟೊಮ್ಯಾಟೊಗೆ ಗಡಿಯ ಎರಡೂ ಕಡೆ ಮಂಡಿಗಳಿವೆ, ಕೊಳ್ಳುವವರು ನೂರಾರು ಮಂದಿ, ಮಾಲು ಬಂಗಾಳದವರೆಗೂ ಹೋಗುತ್ತದೆ. ಆದಕಾರಣ ಒಂದು ರಸ್ತೆ ಮುಚ್ಚಿದರೆ ಇನ್ನೊಂದು ಇದೆ. ತೋತಾಪುರಿಗೆ ಕೊಳ್ಳುವವರು ಬೆರಳೆಣಿಕೆಯಷ್ಟು, ಅವರೆಲ್ಲ ಗಡಿಯಾಚೆ. ಗಡಿಗಿಂತಲೂ ಈ ಅವಲಂಬನೆಯೇ ರೈತರನ್ನು ಕೆಡಿಸಿತು ಎನ್ನಬೇಕು.

ಎರಡನೆಯದು ರಾಗಿ. 2025-26ನೆಯ ಸಾಲಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಪೇಟೆ ಬೆಲೆ ಇದಕ್ಕಿಂತ ಕೆಳಗಿದ್ದು, ಒಂದು ರಾಜ್ಯದಲ್ಲಿ ಖರೀದಿ ಕೇಂದ್ರ ತೆರೆದು ಪಕ್ಕದಲ್ಲಿ ತೆರೆಯದಿದ್ದರೆ ರಾಗಿಗೂ ಕಾಲು ಬರುತ್ತದೆ. ಅದನ್ನು ತಡೆಯಲು ಕರ್ನಾಟಕದಲ್ಲಿ ಫ್ರೂಟ್ಸ್ ಎಂಬ ನೋಂದಣಿ ಇದೆ. ರೈತರ ಹೆಸರು, ಸರ್ವೆ ನಂಬರು, ಬೆಳೆ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಗಡಿಯಲ್ಲಿ ಲಾರಿ ನಿಲ್ಲಿಸದೆಯೂ ಸಹಾಯಧನವನ್ನು ತನ್ನ ರೈತರಿಗೇ ತಲುಪಿಸಲು ಸಾಧ್ಯ ಎಂಬುದಕ್ಕೆ ಇದು ದಾಖಲೆ. ಆಂಧ್ರದ 4 ರೂಪಾಯಿಯೂ ಹೀಗೆಯೇ ಜಮೀನಿನ ದಾಖಲೆಯ ಮೇಲೆ ಮಾತ್ರ ನಡೆದಿದ್ದರೆ ಕೋಲಾರದ ಹಣ್ಣನ್ನು ತಡೆಯುವ ಅಗತ್ಯ ಅಷ್ಟಾಗಿ ಇರಲಿಲ್ಲ. ಹೊರಗಿನ ಹಣ್ಣಿಗೆ ಸಹಾಯಧನವಿಲ್ಲ, ಕಾರ್ಖಾನೆ ಕೊಟ್ಟಷ್ಟೇ ಬೆಲೆ ಎಂದರೆ ಮುಗಿಯುತ್ತಿತ್ತು. ಹೊರಗಿನ ಹಣ್ಣು ಅಗ್ಗವಾಗಿ ಸಿಕ್ಕರೆ ಕಾರ್ಖಾನೆಗಳು ಸ್ಥಳೀಯರಿಗೆ 8 ರೂಪಾಯಿ ಕೊಡಲು ಹಿಂಜರಿಯುತ್ತವೆ ಎಂಬ ಭಯ ಅವರಿಗೆ ಇದ್ದಿರಬೇಕು. ಆ ಭಯ ಸುಳ್ಳಲ್ಲ. ಹಾಗಿದ್ದರೂ ಹಣ್ಣು ಕೊಯ್ಲಿಗೆ ಬಂದ ಮೇಲೆ ಆದೇಶ ಮಾಡುವುದಕ್ಕೂ, ಹೂ ಬಿಡುವಾಗಲೇ ಎರಡೂ ರಾಜ್ಯದ ಅಧಿಕಾರಿಗಳು ಕುಳಿತು ಕಾರ್ಖಾನೆಗಳು ಎಷ್ಟು ಅರೆಯಬಲ್ಲವೆಂದು ಲೆಕ್ಕ ಹಾಕುವುದಕ್ಕೂ ಬಹಳ ವ್ಯತ್ಯಾಸವಿದೆ.

ಹತ್ತಿರದ ಗಡಿಯಂತೆಯೇ ದೂರದ ಗಡಿಯೂ ಬೆಲೆಯನ್ನು ಅಲುಗಿಸುತ್ತದೆ. ಚಿಕ್ಕಬಳ್ಳಾಪುರ, ಕೋಲಾರ ಮತ್ತು ಬೆಂಗಳೂರು ಗ್ರಾಮಾಂತರದ ಗುಲಾಬಿ ಈರುಳ್ಳಿಯನ್ನು ಊರಿನವರು ಅಷ್ಟಾಗಿ ತಿನ್ನುವುದಿಲ್ಲ. ಅದು ಮಲೇಷ್ಯಾ, ಸಿಂಗಪುರಗಳಿಗೆ ಹೋಗುವ ಬೆಳೆ. 2020ರ ಸೆಪ್ಟೆಂಬರ್ 14ರಂದು ಕೇಂದ್ರ ಎಲ್ಲ ಈರುಳ್ಳಿಯ ರಫ್ತನ್ನೂ ನಿಲ್ಲಿಸಿತು. ದೆಹಲಿಯ ಅಡುಗೆಮನೆಯ ಈರುಳ್ಳಿಗೂ ಇದಕ್ಕೂ ಸಂಬಂಧವೇ ಇಲ್ಲವೆಂದು ಬೆಳೆಗಾರರು ಒತ್ತಾಯಿಸಿದ ಮೇಲೆ ಅಕ್ಟೋಬರಿನಲ್ಲಿ ಬೆಂಗಳೂರು ಗುಲಾಬಿ ಈರುಳ್ಳಿ ಮತ್ತು ಆಂಧ್ರದ ಕೃಷ್ಣಾಪುರಂ ಈರುಳ್ಳಿ ತಲಾ 10,000 ಟನ್‌ಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು, ಅದೂ ಚೆನ್ನೈ ಬಂದರಿನ ಮೂಲಕ. ಗಮನಿಸಿ, ವಿನಾಯಿತಿ ಬಂದದ್ದು ಗಡಿಯ ಎರಡೂ ಕಡೆಯ ಬೆಳೆಗೆ ಒಟ್ಟಿಗೆ.

ರೇಷ್ಮೆಯದೂ ಇದೇ ಕಥೆ. ಶಿಡ್ಲಘಟ್ಟ, ರಾಮನಗರಗಳ ಮಾರುಕಟ್ಟೆಗೆ ಹಿಂದೂಪುರದ ಕಡೆಯಿಂದಲೂ ತಮಿಳುನಾಡಿನಿಂದಲೂ ಗೂಡು ಬರುತ್ತದೆ. ರೀಲರುಗಳಿಗೆ ಬೇಕಾದ ದ್ವಿತಳಿ ಗೂಡು ಅಲ್ಲಿಂದ ಬಾರದಿದ್ದರೆ ಇಲ್ಲಿನ ಎಷ್ಟೋ ಒಲೆಗಳು ಆರುತ್ತವೆ. ಹೊರಗಿನ ಗೂಡು ಬಂದರೆ ತಮ್ಮ ಬೆಲೆ ಬೀಳುತ್ತದೆಂದು ಸ್ಥಳೀಯ ಬೆಳೆಗಾರರು ಆತಂಕಪಡುವುದುಂಟು. ಆದರೆ 2011ರಲ್ಲಿ ಗೂಡಿನ ಬೆಲೆ ಬಿದ್ದದ್ದು ಹಿಂದೂಪುರದಿಂದಲ್ಲ. ಆ ವರ್ಷದ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಲಾಗಿತ್ತು, ಚೀನಾದ ನೂಲು ಬಂತು. 2013ರಲ್ಲಿ ಸುಂಕ 15ಕ್ಕೆ ಏರಿತು. ಪಕ್ಕದ ಊರಿನ ಗಾಡಿಯನ್ನು ತಡೆಯುವ ಮೊದಲು ಬೆಲೆ ಯಾವ ಬಾಗಿಲಿನಿಂದ ಹೊರಗೆ ಹೋಗುತ್ತಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಕೀಟ, ರೋಗಗಳಿಗಂತೂ ಯಾವ ತನಿಖಾ ಠಾಣೆಯೂ ಇಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪರಂಗಿಯ ಹಿಟ್ಟು ತಿಗಣೆ ಸ್ವಲ್ಪ ಕಾಲದಲ್ಲೇ ಹಿಪ್ಪುನೇರಳೆಗೂ ಹತ್ತಿ ಕರ್ನಾಟಕಕ್ಕೆ ಬಂತು. ಔಷಧಿ ಹೊಡೆದರೆ ಹುಳುವಿನ ಜೀವಕ್ಕೆ ಅಪಾಯ, ಹೊಡೆಯದಿದ್ದರೆ ಸೊಪ್ಪಿಲ್ಲ. 2010ರಲ್ಲಿ ಇದೇ ಹೆಬ್ಬಾಳದ ರಾಷ್ಟ್ರೀಯ ಕೀಟ ಸಂಸ್ಥೆಯವರು ಪೋರ್ಟೊರಿಕೊದಿಂದ ಅಸಿರೊಫೇಗಸ್ ಪಪಾಯೆ ಎಂಬ ಪರತಂತ್ರ ಜೀವಿಯನ್ನು ತರಿಸಿ, ಪರೀಕ್ಷಿಸಿ ಬಿಟ್ಟರು. ಸಾಸಿವೆಗಿಂತಲೂ ಸಣ್ಣ ಆ ಕಣಜ ತಿಗಣೆಯನ್ನು ಹತೋಟಿಗೆ ತಂದಿತು. ಅದೂ ರಾಜ್ಯಗಳ ಗಡಿ ಕೇಳದೆ ಹರಡಿತು. ಟೊಮ್ಯಾಟೊದಲ್ಲಿ ರೋಗ ಹೆಚ್ಚಾಗಿ ಗಡಿ ದಾಟುವುದು ಸಸಿಗಳ ಟ್ರೇಗಳಲ್ಲಿ. ದೂರದ ನರ್ಸರಿಯಿಂದ ಅಗ್ಗವಾಗಿ ಬಂದ ಸಸಿಯಲ್ಲಿ ಎಲೆ ಮುದುಡು ರೋಗದ ನಂಜು ಇದ್ದರೆ ಇಪ್ಪತ್ತು ದಿನಗಳವರೆಗೆ ಗೊತ್ತಾಗದೆ ಇರಬಹುದು. ನೈಲಾನ್ ಬಲೆಯೊಳಗೆ ಬೆಳೆಸಿದ ಸಸಿಯನ್ನೇ ಕೊಳ್ಳಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಂಬ ಸಂಕರಣ ತಳಿ ಎಲೆ ಮುದುಡು, ದುಂಡಾಣು ಸೊರಗು, ಎಲೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುತ್ತದೆ.

ಗಡಿಯನ್ನು ಮೀರಿದ ಸಂಸ್ಥೆ ಕಟ್ಟಲು ಸಾಧ್ಯವೇ ಎಂದರೆ ಕಣ್ಣ ಮುಂದೆಯೇ ಉದಾಹರಣೆಯಿದೆ. 1970ರ ಸುಮಾರಿಗೆ ಅಡಿಕೆ ಬೆಲೆ ಕುಸಿದಾಗ ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಬೆಳೆಗಾರರು ಒಂದೇ ಸಂಕಟದಲ್ಲಿದ್ದರು. ಒಬ್ಬರದು ಕರ್ನಾಟಕ, ಇನ್ನೊಬ್ಬರದು ಕೇರಳ. ಎರಡೂ ರಾಜ್ಯಗಳ ಸಹಭಾಗಿತ್ವದಲ್ಲಿ 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕ ಅಧ್ಯಕ್ಷರು. ಮುಂದೆ ಕೊಕ್ಕೊ ಕೊಳ್ಳುತ್ತಿದ್ದ ಖಾಸಗಿಯವರು ಹಿಂದೆ ಸರಿದಾಗ ಇದೇ ಸಂಸ್ಥೆ ಕೊಳ್ಳಲು ನಿಂತಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. 2020ರ ಮಾರ್ಚಿನಲ್ಲಿ ಕೋವಿಡ್ ಭಯದಿಂದ ಕಾಸರಗೋಡಿನ ಕಡೆಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಗಡಿಯ ಬೆಳೆಗಾರರು ಬಹಳ ಕಷ್ಟಪಟ್ಟರು, ನಿಜ. ಆದರೆ ಅವರ ಅಡಿಕೆ ಕೊಳ್ಳುವ ಸಂಸ್ಥೆಯಲ್ಲಿ ಅವರೇ ಪಾಲುದಾರರಾಗಿದ್ದರು. ಕೋಲಾರ-ಚಿತ್ತೂರು-ಕೃಷ್ಣಗಿರಿಯ ಮಾವಿನ ರೈತರಿಗೆ ಅಂಥದೊಂದು ಬಹುರಾಜ್ಯ ಸಹಕಾರ ಸಂಘ ಇಲ್ಲ. ಮೂರೂ ಕಡೆಯವರು ಬೇರೆ ಬೇರೆಯಾಗಿ ಅದೇ ಗೇಟಿನ ಮುಂದೆ ನಿಲ್ಲುತ್ತಾರೆ. ಶ್ರೀನಿವಾಸಪುರದಲ್ಲೇ ತಿರುಳಿನ ಕಾರ್ಖಾನೆ ಆಗಬೇಕೆಂಬುದು ಹಳೆಯ ಬೇಡಿಕೆ. ಅದು ನ್ಯಾಯವಾದುದೇ, ಆದರೆ ಮಾವು ವರ್ಷಕ್ಕೆ ಎರಡು ತಿಂಗಳ ಬೆಳೆ. ಉಳಿದ ಹತ್ತು ತಿಂಗಳು ಟೊಮ್ಯಾಟೊ, ಸೀಬೆ, ಪರಂಗಿ ಅರೆಯುವಂತೆ ಯೋಜಿಸದಿದ್ದರೆ ಬಾಯ್ಲರು ತುಕ್ಕು ಹಿಡಿಯುತ್ತದೆ.

ಮುಂದಿನ ದಿನಗಳಲ್ಲಿ ಗಡಿಯ ಸಂಚಾರ ಕಡಿಮೆಯಾಗುವ ಲಕ್ಷಣಗಳಿಲ್ಲ. ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ಹೊಸಕೋಟೆಯಿಂದ ಕೋಲಾರ ಜಿಲ್ಲೆಯ ಬೇತಮಂಗಲದವರೆಗೆ 71 ಕಿಲೋಮೀಟರು ಕರ್ನಾಟಕದಲ್ಲಿದೆ, ಮುಂದೆ ಚಿತ್ತೂರು ಜಿಲ್ಲೆಯಲ್ಲೇ ಸಾಗುತ್ತದೆ. ಇದು ಲಾರಿಗಳ ರಸ್ತೆ, ರೈತರ ಟ್ರ್ಯಾಕ್ಟರುಗಳಿಗಲ್ಲ. ಒಬ್ಬೊಬ್ಬರೇ ಮಾಲು ಒಯ್ಯುವವರಿಗಿಂತ ಹತ್ತು ಮಂದಿ ಸೇರಿ ಒಂದು ಲಾರಿ ತುಂಬುವವರಿಗೆ ಇದರ ಪ್ರಯೋಜನ ಹೆಚ್ಚು. ದೇವನಹಳ್ಳಿಯಲ್ಲಿ 2008ರಲ್ಲಿ ತೆರೆದ ವಿಮಾನ ನಿಲ್ದಾಣದಿಂದ ಗುಲಾಬಿಯೂ ತರಕಾರಿಯೂ ಹೊರದೇಶಕ್ಕೆ ಹೋಗುತ್ತಿವೆ. ಹೊಸೂರಿನ ಹೂವೂ ಇಲ್ಲಿಂದಲೇ ಏರುತ್ತದೆ. ರಸ್ತೆ ಎಂದ ಮಾತ್ರಕ್ಕೆ ಸದಾ ತೆರೆದಿರುವುದಿಲ್ಲ ಎಂಬುದನ್ನೂ ಮರೆಯಬಾರದು. ಗುಂಡ್ಲುಪೇಟೆಯ ತರಕಾರಿ ಬೆಳೆಗಾರರು ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗಿನ ನಿಷೇಧಕ್ಕೆ 2009ರಿಂದ ಹೊಂದಿಕೊಂಡು ಕೊಯ್ಲಿನ ಹೊತ್ತನ್ನೇ ಬದಲಿಸಿದ್ದಾರೆ. ಕಾಡುಪ್ರಾಣಿಗಳಿಗಾಗಿ ಮಾಡಿದ ಆ ನಿಯಮ ಮೊದಲೇ ಗೊತ್ತಿರುವುದರಿಂದ ಅದರೊಡನೆ ಬದುಕಬಹುದು. ಹಿಂದಿನ ದಿನ ಆದೇಶ ಮಾಡಿ ಮರುದಿನ ತಡೆಯುವುದರೊಡನೆ ಬದುಕುವುದು ಕಷ್ಟ.

ಇನ್ನು ಗಡಿಯಾಚೆ ಮಾಲು ಕಳಿಸುವ ರೈತರು ಮಾಡಬೇಕಾದ ಕೆಲವು ಕೆಲಸಗಳು. ಲಾರಿಯಲ್ಲಿ ಪಹಣಿಯ ಪ್ರತಿ, ಫ್ರೂಟ್ಸ್ ಗುರುತಿನ ಸಂಖ್ಯೆ, ಊರಿನ ತೂಕದ ಸೇತುವೆಯ ಚೀಟಿ ಇರಲಿ. ಗೇಟಿನಲ್ಲಿ ತೂಕ ಕಡಿಮೆ ಬಂದರೆ ಮಾತನಾಡಲು ಆ ಚೀಟಿಯೇ ಆಧಾರ. ಕರ್ನಾಟಕದ ನಿಯಂತ್ರಿತ ಮಾರುಕಟ್ಟೆಯಲ್ಲಿ ಕಾನೂನಿನಂತೆ ಕಮೀಷನ್ನನ್ನು ಕೊಳ್ಳುವವರು ಕೊಡಬೇಕು, ಮಾರುವ ರೈತರಲ್ಲ. ಕಾನೂನು ಹೀಗಿದ್ದರೂ ಬಿಳಿ ಚೀಟಿಯ ಮೇಲೆ ಕಳೆಯುವ ಮಂಡಿಗಳಿವೆ, ಅದು ಬೇರೆ ಮಾತು. ಪಕ್ಕದ ರಾಜ್ಯಗಳಲ್ಲಿ ಕಡಿತದ ನಿಯಮ ಬೇರೆ. ಆದುದರಿಂದ ಅಲ್ಲಿ ಬಾಕ್ಸಿಗೆ ಐವತ್ತು ರೂಪಾಯಿ ಹೆಚ್ಚೆಂದು ಕೇಳಿದೊಡನೆ ಹೊರಡದೆ ಕಮೀಷನ್, ಹಮಾಲಿ, ಬಾಡಿಗೆ ಎಲ್ಲ ಕಳೆದು ಕೈಗೆ ಬರುವುದೆಷ್ಟೆಂದು ಮೊದಲೇ ಲೆಕ್ಕ ಹಾಕಬೇಕು. ಸಾಲಕ್ಕೆ ಕೊಟ್ಟ ಮಾಲಿನ ಹಣ ಗಡಿಯಾಚೆಯಿಂದ ವಸೂಲಾಗುವುದು ಊರಿನ ಮಂಡಿಗಿಂತ ಎರಡು ಪಟ್ಟು ಕಷ್ಟ.

ತೋತಾಪುರಿಯನ್ನೇ ನೆಚ್ಚಿಕೊಂಡಿರುವವರು ತೋಪಿನ ಎಲ್ಲ ಮರಗಳನ್ನೂ ಕಡಿಯಬೇಕಾಗಿಲ್ಲ. ಮೂರರಲ್ಲೊಂದು ಪಾಲು ಮರಗಳ ರೆಂಬೆಗಳನ್ನು ತರಿದು, ಬಂದ ಚಿಗುರಿಗೆ ಮಲ್ಲಿಕಾ ಅಥವಾ ಬೇನಿಷಾ ಕಸಿ ಕಟ್ಟಿದರೆ ಹಳೆಯ ಬೇರಿನ ಬಲದಿಂದ ಮೂರು ನಾಲ್ಕು ವರ್ಷಗಳಲ್ಲಿ ತಿನ್ನುವ ಹಣ್ಣಿನ ಫಸಲು ಬರುತ್ತದೆ. ಅದನ್ನು ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬಾಗಿಲಿಗೇ ಮಾರಬಹುದು. ಒಂದು ಕಾಲಕ್ಕೆ ದ್ರಾಕ್ಷಿ, ರಾಗಿ, ತರಕಾರಿ ಬೆಳೆದ ತಣಿಸಂದ್ರದ ಸುತ್ತಮುತ್ತಲೇ ಈಗ ಎಷ್ಟು ಸಾವಿರ ಮನೆಗಳಿವೆ ಎಂಬುದನ್ನು ಇಲ್ಲಿ ಕುಳಿತವರೇ ಬಲ್ಲರು. ಜಮೀನು ಹೋದ ಇಲ್ಲಿನ ರೈತ ಕುಟುಂಬಗಳವರು ಕೋಲಾರದ ನೆಂಟರ ಹಣ್ಣನ್ನು ತರಿಸಿ ಮಾರಿದರೆ ಇಬ್ಬರಿಗೂ ಲಾಭ.

ಕಾರ್ಖಾನೆಗೆ ಕಳಿಸುವ ಹಣ್ಣಿನಲ್ಲಿ ಬಲಿತದ್ದು, ಬಲಿಯದ್ದು ಬೆರೆತರೆ ಇಡೀ ಲಾರಿಯ ಬೆಲೆ ಇಳಿಯುತ್ತದೆ. ಕೀಳುವ ಹಿಂದಿನ ದಿನ ಬೇರೆ ಬೇರೆ ಮರಗಳಿಂದ ಹತ್ತು ಕಾಯಿ ಕಿತ್ತು ಬಕೆಟ್ಟಿನ ನೀರಿನಲ್ಲಿ ಹಾಕಿ ನೋಡಬೇಕು. ಬಲಿತ ಕಾಯಿ ಮುಳುಗುತ್ತದೆ. ಹತ್ತರಲ್ಲಿ ಎಂಟಾದರೂ ಮುಳುಗದಿದ್ದರೆ ಒಂದು ವಾರ ತಡೆಯುವುದು ಮೇಲು. ಹಣ್ಣಾದ ಮೇಲೆ ತಿರುಳಿನ ಸಿಹಿ 14 ಡಿಗ್ರಿ ಬ್ರಿಕ್ಸ್‌ಗೆ ಕಡಿಮೆಯಿರಬಾರದೆಂದು ಕೊಳ್ಳುವವರು ಕೇಳುತ್ತಾರೆ, ಎಳೆಯ ಕಾಯಿಗೆ ಅಷ್ಟು ಬರುವುದಿಲ್ಲ. ಕಾರ್ಬೈಡಿನಿಂದ ಹಣ್ಣು ಮಾಡುವುದು ಕಾನೂನಿನಂತೆ ನಿಷಿದ್ಧ. ಎಥಿಲೀನ್ ಅನಿಲವನ್ನು ಹತ್ತು ಲಕ್ಷಕ್ಕೆ ನೂರು ಭಾಗದವರೆಗೆ ಬಳಸಬಹುದು. ಬೆಳಗ್ಗೆ ಹತ್ತು ಗಂಟೆಯೊಳಗೆ, ಬೆರಳುದ್ದ ತೊಟ್ಟು ಬಿಟ್ಟು ಕೀಳಿಸಿ, ಸೊನೆ ಇಳಿಯುವವರೆಗೆ ನೆರಳಿನಲ್ಲಿ ಬೋರಲು ಹಾಕಿ, ಆಮೇಲೆ ಕ್ರೇಟುಗಳಲ್ಲಿ ತುಂಬಬೇಕು. ಲಾರಿಯಲ್ಲಿ ರಾಶಿ ಸುರಿದ ಹಣ್ಣು ಗೇಟಿನಲ್ಲಿ ಒಂದು ದಿನ ಕಾಯುವುದೂ ಕಷ್ಟ. ಕ್ರೇಟಿನಲ್ಲಿ ಗಾಳಿಯಾಡುವಂತೆ ಇಟ್ಟ ಗಟ್ಟಿ ಕಾಯಿ ಮೂರು ನಾಲ್ಕು ದಿನ ತಾಳುತ್ತದೆ, ಅಷ್ಟರಲ್ಲಿ ಬೇರೆ ಕಾರ್ಖಾನೆಗೆ ಫೋನು ಮಾಡಲು ಸಮಯ ಸಿಗುತ್ತದೆ.